ನಾನು ಅಳಿಸಿದ ಕೋಡ್

ತೋಟದ ಟ್ರ್ಯಾಕ್ಟರೊಂದು ಹಗ್ಗ ಕಟ್ಟಿ ಎಳೆದುಕೊಂಡು ಬಂದ ಕಾರು ನನ್ನ ಅಂಗಡಿಯ ಮುಂದೆ ನಿಂತಾಗ ಬೆಳಗಿನ ಹತ್ತು ಗಂಟೆಯಿರಬೇಕು. ಮೇ ತಿಂಗಳು. ಅಥಣಿ ರಸ್ತೆಯ ಡಾಂಬರು ಆಗಲೇ ಕಾದಿತ್ತು. ನಾನು ಇನ್ನೊಂದು ಗಾಡಿಯ ಬಾನೆಟ್ಟಿನ ಕೆಳಗೆ ತಲೆ ಹಾಕಿದ್ದೆ. ತಲೆಯೆತ್ತಿದಾಗ ಮೊದಲು ಕಂಡದ್ದು ನಂಬರ್ ಪ್ಲೇಟು. ಹದಿನಾಲ್ಕು ತಿಂಗಳಿಂದ ಆ ನಂಬರು ನನಗೆ ಬಾಯಿಪಾಠವಾಗಿತ್ತು. ಕೈಯಲ್ಲಿದ್ದ ಪಾನಾ ಕೆಳಗಿಡುವುದೂ ಹೊಳೆಯದೆ ಹಾಗೇ ನಿಂತೆ.

ಟ್ರ್ಯಾಕ್ಟರಿನ ಹಿಂದೆ ಸ್ಕೂಟರಿನಲ್ಲಿ ಬಂದ ಹೆಣ್ಣುಮಗಳು ಇಳಿದು ಮುಖಕ್ಕೆ ಸುತ್ತಿದ್ದ ಓಢಣಿ ಬಿಚ್ಚಿದರು. ನಲವತ್ತರ ಸುಮಾರು. ಬಬಲೇಶ್ವರದ ಹತ್ತಿರದ ಒಂದು ಸರ್ಕಾರಿ ಶಾಲೆಯಲ್ಲಿ ಗಣಿತ ಕಲಿಸುತ್ತೇನೆ, ಮನೆ ತಿಕೋಟಾ ಎಂದರು. ಶಾಲೆ ಕಲಿಸುವ ಹೆಣ್ಣುಮಕ್ಕಳನ್ನು ನಮ್ಮ ಕಡೆ ಅಕ್ಕೋರು ಎನ್ನುತ್ತೇವೆ. ಕಾರು ಗಂಡನದು, ಗಂಡ ತೀರಿಕೊಂಡು ಒಂದು ವರ್ಷ ದಾಟಿದೆ, ಅಂದಿನಿಂದ ಅದು ಒಣದ್ರಾಕ್ಷಿ ಶೆಡ್ಡಿನಲ್ಲಿ ನಿಂತೇ ಇತ್ತು. ಈಗ ಡ್ರೈವಿಂಗ್ ಕಲಿತಿದ್ದಾರೆ. ತಿಕೋಟಾದಿಂದ ಶಾಲೆಗೆ ಹೊತ್ತಿಗೆ ಸರಿಯಾಗಿ ಬಸ್ಸಿಲ್ಲ. ಶಾಲೆ ಶುರುವಾಗುವಷ್ಟರಲ್ಲಿ ಕಾರು ಓಡಬೇಕು. ಊರಿನಲ್ಲಿ ಯಾರೋ ಬೇರೆ ಬ್ಯಾಟರಿಯಿಂದ ವೈರು ಹಚ್ಚಿ ಸ್ಟಾರ್ಟ್ ಮಾಡಿದ್ದರಂತೆ. ಇಂಜಿನ್ ಹತ್ತಿತು, ಅದರ ಜೊತೆಗೆ ಕಿತ್ತಳೆ ಬಣ್ಣದ ಇಂಜಿನ್ ಲೈಟೂ ಹತ್ತಿತು, ಆರಲಿಲ್ಲ.

"ಬ್ಯಾಟರಿ ಮ್ಯಾಲ ನಿಮ್ಮ ಅಂಗಡಿ ಸ್ಟಿಕ್ಕರ್ ಇತ್ರಿ ಅಣ್ಣಾರ," ಎಂದರು. "ಗಾಡಿ ನಿಮಗ ಗೊತ್ತಿದ್ದದ್ದು ಇರಬೇಕಂತ ಇಲ್ಲೇ ತಂದೇನಿ. ಹೊಸಾ ಬ್ಯಾಟರಿ ಹಾಕಿದ್ರ ಸಾಕು ಅಂತಾರ ನಮ್ಮ ಭಾವಾರು. ನನಗ ಆ ಲೈಟ್ ಯಾಕ ಹತ್ತೈತಿ ಅನ್ನೂದು ತಿಳೀಬೇಕು."

ಆಗಲಿ ಎಂದೆ. ಗಾಡಿ ನನಗೆ ಗೊತ್ತಿದೆಯೋ ಇಲ್ಲವೋ ಎಂಬುದಕ್ಕೆ ಉತ್ತರ ಕೊಡಲಿಲ್ಲ.

ಗಾಡಿ ನನಗೆ ಗೊತ್ತಿತ್ತು. ಹಿಂದಿನ ವರ್ಷದ ಮಾರ್ಚಿನಲ್ಲಿ ಅವರ ಗಂಡ ಅದನ್ನು ನನ್ನಲ್ಲಿಗೆ ತಂದಿದ್ದರು. ದ್ರಾಕ್ಷಿ ಬೆಳೆಗಾರರು, ಸಾವಧಾನದ ಮನುಷ್ಯ. ಎರಡು ದಿನದಿಂದ ಇಂಜಿನ್ ಲೈಟ್ ಬರುತ್ತಿದೆ, ಬೆಳಿಗ್ಗೆ ಸ್ಟಾರ್ಟ್ ಮಾಡುವಾಗ ಎಳೆದಾಡುತ್ತದೆ ಎಂದರು. ಬೇಕಾದರೆ ಗಾಡಿ ಬಿಟ್ಟು ಹೋಗುತ್ತೇನೆ ಎಂದು ತಾವಾಗಿಯೇ ಹೇಳಿದರು. ಅಂದು ಅಂಗಡಿಯ ಮುಂದೆ ಆರು ಗಾಡಿಗಳಿದ್ದವು. ಸ್ಟೇರಿಂಗಿನ ಕೆಳಗಿನ ಸಾಕೆಟ್ಟಿಗೆ ಸ್ಕ್ಯಾನರ್ ಸಿಕ್ಕಿಸಿದೆ. ವೋಲ್ಟೇಜ್ ಕಡಿಮೆ ಎನ್ನುವ ಒಂದೇ ಕೋಡ್ ಬಂತು.

ಕೋಡ್ ಎಂದರೆ ಕಾರಿನ ಕಂಪ್ಯೂಟರು ಬರೆದಿಟ್ಟುಕೊಂಡ ದೂರು. ಆ ದೂರಿನ ಜೊತೆಗೆ ಅದು ಇನ್ನೊಂದು ಪುಟವನ್ನೂ ಕಾಪಿಡುತ್ತದೆ. ದೂರು ಹುಟ್ಟಿದ ಗಳಿಗೆಯಲ್ಲಿ ಗಾಡಿಯ ವೇಗವೆಷ್ಟು, ಇಂಜಿನ್ ಎಷ್ಟು ಸುತ್ತುತ್ತಿತ್ತು, ಎಷ್ಟು ಬಿಸಿಯಾಗಿತ್ತು, ವೋಲ್ಟ್ ಎಷ್ಟಿತ್ತು, ಎಲ್ಲ ಅದರಲ್ಲಿರುತ್ತದೆ. ಒಂದು ಗುಂಡಿ ಒತ್ತಿದರೆ ಆ ಪುಟ ತೆರೆಯುತ್ತದೆ. ನಾನು ಒತ್ತಲಿಲ್ಲ. ಬೆಳಿಗ್ಗೆ ಎಳೆದಾಡುತ್ತದೆ, ವೋಲ್ಟ್ ಕಡಿಮೆ, ಅಂದರೆ ಬ್ಯಾಟರಿ ವೀಕು. ನನ್ನ ತಲೆಯಲ್ಲಿ ಲೆಕ್ಕ ಮುಗಿದಿತ್ತು. ಅಳಿಸಲೇ ಎಂದು ಸ್ಕ್ಯಾನರ್ ಕೇಳಿತು. ಹೌದು ಎಂದು ಒತ್ತಿದೆ. ಬ್ಯಾಟರಿಯ ಟರ್ಮಿನಲ್ ಉಜ್ಜಿ, ಬಿಗಿ ಮಾಡಿ, ಸ್ಟಿಕ್ಕರ್ ಅಂಟಿಸಿ ತಾರೀಖು ಬರೆದೆ. ಬ್ಯಾಟರಿ ಸ್ವಲ್ಪ ವೀಕ್ ಐತಿ, ಈ ಸುಗ್ಗಿ ಮುಗಿಯೂತನ ನಡೀತೈತಿ, ಗಾಡಿ ಬಿಡೂದು ಬ್ಯಾಡ, ಒಯ್ರಿ ಎಂದು ಹೇಳಿ ಕಳಿಸಿದೆ. ಒಟ್ಟು ಹದಿನೈದು ನಿಮಿಷದ ಕೆಲಸ. ಮೀಟರನ್ನು ಪೆಟ್ಟಿಗೆಯಿಂದ ಹೊರಗೇ ತೆಗೆಯಲಿಲ್ಲ.

ಎಂಟು ದಿನದ ಮೇಲೆ, ದೀಪ ಹಚ್ಚುವ ಹೊತ್ತಿನಲ್ಲಿ, ತೊರವಿ ದಾಟಿ ತಿಕೋಟಾ ಕಡೆ ಹೋಗುವ ರಸ್ತೆಯ ಒಂದು ಸಣ್ಣ ಸೇತುವೆಯ ಬಳಿ ದೂರದಿಂದ ಓಡಿ ಬರುತ್ತಿದ್ದ ಆ ಕಾರು ನಿಂತುಬಿಟ್ಟಿತು. ಇಂಜಿನ್ ಅಷ್ಟೇ ಅಲ್ಲ, ಹೆಡ್‌ಲೈಟು, ಹಿಂದಿನ ಕೆಂಪು ದೀಪ, ಇಂಡಿಕೇಟರು ಒಂದೂ ಉಳಿಯಲಿಲ್ಲ. ಗಾಡಿ ನಡೆಸುತ್ತಿದ್ದವರು ಅಣ್ಣ. ಪಕ್ಕದಲ್ಲಿದ್ದ ತಮ್ಮ, ಅಂದರೆ ಗಾಡಿಯ ಮಾಲೀಕರು, ಇಳಿದು ಹಿಂದಿನಿಂದ ಅದನ್ನು ರಸ್ತೆಯ ಬದಿಗೆ ನೂಕಲು ಹೋದರು. ಹಿಂದೆ ಬಂದ ಟೆಂಪೊದವನಿಗೆ ಕಾರು ಕಂಡದ್ದು ತೀರಾ ಹತ್ತಿರ ಬಂದ ಮೇಲೆ.

ಮರುದಿನ ಪತ್ರಿಕೆಯಲ್ಲಿ ಕಾರಿನ ಚಿತ್ರ, ಅದರ ನಂಬರು ನೋಡಿ ನನಗೆ ತಿಳಿಯಿತು. ತಿಕೋಟಾಕ್ಕೆ ಹೋಗಿ ಮಾತಾಡಿಸಿಕೊಂಡು ಬರಬೇಕಿತ್ತು. ಹೋಗಲಿಲ್ಲ. ಮನೆಯಲ್ಲೂ ಯಾರಿಗೂ ಹೇಳಲಿಲ್ಲ. ಆದರೆ ಅಂದಿನಿಂದ ಸಂಜೆಯಾದರೆ ಕೈಯಲ್ಲಿ ಕೆಲಸವಿದ್ದರೂ ಕಣ್ಣು ರಸ್ತೆಯ ಮೇಲೇ. ಹೋಗುವ ಗಾಡಿಗಳ ಹಿಂದಿನ ದೀಪ ನೋಡುತ್ತಿದ್ದೆ. ದೀಪವಿಲ್ಲದ ಒಂದು ಗಾಡಿ ಹಾದುಹೋದರೆ ಓಡಿಹೋಗಿ ಕೂಗುತ್ತಿದ್ದೆ. ಕೆಲವರು ನಿಲ್ಲುತ್ತಿದ್ದರು, ಕೆಲವರು ಬೈದು ಹೋಗುತ್ತಿದ್ದರು. ಪಕ್ಕದ ಟೈರ್ ಅಂಗಡಿಯವರು ಇದನ್ನು ನನ್ನ ಹೊಸ ಚಟ ಎಂದು ನಗುತ್ತಿದ್ದರು.

ಈಗ ಆ ಕಾರೇ ಬಂದು ನಿಂತಿತ್ತು, ಹಿಂದಿನ ತಗಡನ್ನು ಯಾರೋ ತಟ್ಟಿ ಸರಿಮಾಡಿದ ಗುರುತಿನೊಂದಿಗೆ.

ಮೊದಲ ದಿನ ಬ್ಯಾಟರಿ ಬಿಚ್ಚಿದೆ. ಮೀಟರ್ ಹಿಡಿದರೆ ನಾಲ್ಕು ವೋಲ್ಟೂ ಇಲ್ಲ. ನಿಧಾನವಾಗಿ ಇಡೀ ರಾತ್ರಿ ಚಾರ್ಜಿಗಿಟ್ಟೆ. ಬೆಳಿಗ್ಗೆ ಲೋಡ್ ಟೆಸ್ಟರ್ ಹಚ್ಚಿದರೆ ಮುಳ್ಳು ಕುಸಿದು ಬಿತ್ತು. ವರ್ಷಗಟ್ಟಲೆ ಖಾಲಿಯಾಗಿ ನಿಂತ ಬ್ಯಾಟರಿ ಸಾಯುವುದು ಸಹಜ. ಅಂದು ನಾನು ವೀಕ್ ಎಂದು ಹೇಳಿದಾಗ ಅದು ನಿಜವಾಗಿ ವೀಕಾಗಿತ್ತೇ ಎಂದು ತಿಳಿಯುವ ದಾರಿ ಅಲ್ಲಿಗೆ ಮುಚ್ಚಿತು.

ಹೊಸ ಬ್ಯಾಟರಿ ಕೂರಿಸಿ ಕೀಲಿ ತಿರುಗಿಸಿದೆ. ಅರ್ಧ ಸುತ್ತಿಗೇ ಇಂಜಿನ್ ಹತ್ತಿತು. ಲೈಟೂ ಹತ್ತಿತು. ಸ್ಕ್ಯಾನರ್ ಸಿಕ್ಕಿಸಿದೆ. ಕೆಲವು ಗಾಡಿಗಳು ಬ್ಯಾಟರಿ ತೆಗೆದರೆ ಎಲ್ಲ ಮರೆಯುತ್ತವೆ. ಇದು ಮರೆಯುವ ಜಾತಿಯದಲ್ಲ. ಮೂರು ಕೋಡುಗಳಿದ್ದವು. ಒಂದು, ಅದೇ ವೋಲ್ಟೇಜ್ ಕಡಿಮೆ. ಉಳಿದೆರಡು, ಬ್ರೇಕಿನ ಕಂಪ್ಯೂಟರಿನ ಜೊತೆ ಮತ್ತು ಸ್ಟೇರಿಂಗಿನ ಕಂಪ್ಯೂಟರಿನ ಜೊತೆ ಮಾತು ನಿಂತಿತು ಎಂಬ ದೂರು.

ಈ ಸಲ ಗುಂಡಿ ಒತ್ತಿದೆ. ಪುಟ ತೆರೆಯಿತು. ವೇಗ ಐವತ್ತೆರಡು. ಇಂಜಿನ್ ಸಾವಿರದ ಒಂಬೈನೂರು ಸುತ್ತು. ಬಿಸಿ ತೊಂಬತ್ತನಾಲ್ಕು ಡಿಗ್ರಿ. ವೋಲ್ಟ್ ಒಂಬತ್ತು ಪಾಯಿಂಟ್ ನಾಲ್ಕು.

ಅದು ಆ ಸಂಜೆಯ ಪುಟ. ಸೇತುವೆ ಇನ್ನೇನು ಬರಬೇಕು ಎನ್ನುವ ಗಳಿಗೆ. ಸೀಟಿನಲ್ಲಿ ಕೂತು ಆ ನಾಲ್ಕು ಸಂಖ್ಯೆಗಳನ್ನು ನೋಡುತ್ತ ಎಷ್ಟು ಹೊತ್ತು ಇದ್ದೆನೋ. ನನ್ನ ಬೆನ್ನು ಒದ್ದೆಯಾಗಿತ್ತು. ಪಕ್ಕದ ಸೀಟನ್ನು ನೋಡುವ ಧೈರ್ಯ ಬರಲಿಲ್ಲ.

ಆ ಸಂಖ್ಯೆಗಳು ಒಂದು ಮಾತನ್ನು ಸ್ಪಷ್ಟವಾಗಿ ಹೇಳುತ್ತಿದ್ದವು. ಬ್ಯಾಟರಿ ವೀಕಾದರೆ ತೊಂದರೆ ಕಾಣುವುದು ಸ್ಟಾರ್ಟ್ ಮಾಡುವಾಗ. ಇಂಜಿನ್ ಸಾವಿರದ ಒಂಬೈನೂರು ಸುತ್ತು ಓಡುತ್ತಿರುವಾಗ ವೋಲ್ಟ್ ಹದಿನಾಲ್ಕರ ಹತ್ತಿರ ಇರಬೇಕು, ಯಾಕೆಂದರೆ ಆಗ ಗಾಡಿಯನ್ನು ಸಾಕುವುದು ಬ್ಯಾಟರಿಯಲ್ಲ, ಡೈನಮೋ. ಓಡುವ ಇಂಜಿನ್ನಿನಲ್ಲಿ ವೋಲ್ಟ್ ಒಂಬತ್ತಕ್ಕೆ ಬಿದ್ದಿದೆ ಎಂದರೆ ಡೈನಮೋ ಕೊಡುತ್ತಿಲ್ಲ, ಇಲ್ಲವೇ ಕೊಟ್ಟದ್ದು ಬ್ಯಾಟರಿಗೆ ಮುಟ್ಟುತ್ತಿಲ್ಲ. ಬ್ಯಾಟರಿ ಬರೀ ಬಲಿಯಾಗಿತ್ತು.

ನಾನು ಅಳಿಸಿದ ಕೋಡಿಗೂ ಇಂಥದೇ ಒಂದು ಪುಟ ಇತ್ತು.

ಡೈನಮೋ ಅಳೆದೆ. ಹದಿನಾಲ್ಕು ಪಾಯಿಂಟ್ ಎರಡು. ಚೊಕ್ಕ. ಹೆಡ್‌ಲೈಟು, ಫ್ಯಾನು, ಹಿಂದಿನ ಗಾಜಿನ ಹೀಟರು ಎಲ್ಲ ಹಾಕಿದೆ. ಹದಿಮೂರು ಪಾಯಿಂಟ್ ಒಂಬತ್ತು. ಅದೂ ಸರಿ. ಡೈನಮೋದಿಂದ ಬ್ಯಾಟರಿಗೆ ಬರುವ ದಪ್ಪ ಕೇಬಲ್ಲಿನ ಎರಡು ತುದಿಗೆ ಮೀಟರ್ ಹಿಡಿದು ದಾರಿಯಲ್ಲಿ ಎಷ್ಟು ವೋಲ್ಟ್ ಸೋರುತ್ತಿದೆ ನೋಡಿದೆ. ಲೆಕ್ಕಕ್ಕಿಲ್ಲದಷ್ಟು. ಇಂಜಿನ್ನಿನ ಅರ್ಥಿಂಗ್ ನೋಡಿದೆ, ಸರಿ. ಗಾಡಿ ಬಂದ್ ಮಾಡಿ, ಬಾಗಿಲು ಲಾಕ್ ಮಾಡಿ, ಒಂದು ತಾಸು ಕಾದು, ನಿಂತ ಗಾಡಿ ಬ್ಯಾಟರಿಯನ್ನು ಕದ್ದು ಕುಡಿಯುತ್ತಿದೆಯೇ ಎಂದು ಅಳೆದೆ. ಅದೂ ಇಲ್ಲ. ವೈರಿಂಗ್ ಹಿಡಿದು ಅಲುಗಾಡಿಸಿದೆ. ಮುಳ್ಳು ಕದಲಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಅದನ್ನು ರಸ್ತೆಗೆ ಇಳಿಸಿದೆ. ಮೀಟರಿಗೆ ಉದ್ದ ವೈರು ಹಚ್ಚಿ ಡ್ಯಾಶ್‌ಬೋರ್ಡಿನ ಮೇಲಿಟ್ಟುಕೊಂಡು ತೊರವಿಗೆ ಹೋಗಿ ಬಂದೆ. ಏನೂ ಆಗಲಿಲ್ಲ. ಸಂಜೆ ಇನ್ನೊಮ್ಮೆ ಹೋದೆ. ತೊರವಿ ದಾಟಿದೆ. ಸೇತುವೆ ಇನ್ನೂ ದೂರವಿರುವಾಗಲೇ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು. ಗಾಡಿ ತಿರುಗಿಸಿಕೊಂಡು ಬಂದೆ. ನಾಲ್ಕನೆಯ ದಿನ ಬೆಳಿಗ್ಗೆಯೂ ಹಾಗೇ. ಸಾಕಷ್ಟು ದೂರ ಓಡಿಸಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಮೀಟರು ಹದಿನಾಲ್ಕರಿಂದ ಕೆಳಗೆ ಇಳಿಯಲಿಲ್ಲ.

ಆ ಮಧ್ಯಾಹ್ನ ಅಕ್ಕೋರ ಭಾವ, ಅಂದು ಗಾಡಿ ನಡೆಸಿದ್ದ ಅಣ್ಣ, ಫೋನ್ ಮಾಡಿದರು. ದನಿ ದಣಿದಿತ್ತು. ಆ ಗಾಡಿ ಮನೆಯಲ್ಲಿ ಇರುವುದೇ ಬೇಡ, ಕೊಳ್ಳುವವರು ಇದ್ದಾರೆ, ಹೊಸ ಬ್ಯಾಟರಿ ಹಾಕಿದ್ದರೆ ಲೈಟ್ ತೆಗೆದು ಕೊಟ್ಟುಬಿಡಿ ಎಂದರು. "ಅದು ಬ್ಯಾಟರಿದ ದೋಷ ಮಿಸ್ತ್ರಿ," ಎಂದರು. "ನನಗ ಗೊತ್ತೈತಿ."

ಫೋನಿಟ್ಟ ಮೇಲೆ ಸ್ಕ್ಯಾನರ್ ಕೈಯಲ್ಲಿ ಹಿಡಿದು ಕೂತೆ. ಎಲ್ಲ ಅಳತೆಯೂ ಸರಿ ಇದೆ. ಹೊಸ ಬ್ಯಾಟರಿ ಇದೆ. ಒಂದು ಗುಂಡಿ ಒತ್ತಿದರೆ ಲೈಟ್ ಹೋಗುತ್ತದೆ, ಪುಟವೂ ಹೋಗುತ್ತದೆ. ಬ್ಯಾಟರಿಯೇ ಸತ್ತಿತ್ತು ಎಂದು ಮನೆಯವರೇ ನಂಬಿದ್ದಾರೆ. ಗಾಡಿ ಎಲ್ಲೋ ಮಾರಿಹೋಗುತ್ತದೆ. ಇನ್ನು ಎಂದೂ ನನ್ನ ಕಣ್ಣೆದುರು ಬರುವುದಿಲ್ಲ. ಆಸೆ ಬರಲಿಲ್ಲ ಎಂದರೆ ಸುಳ್ಳಾದೀತು. ಬೆರಳು ಆ ಗುಂಡಿಯ ಮೇಲೇ ಇತ್ತು.

ಆದರೆ ಕೊಳ್ಳುವವರೂ ಅದೇ ಗಾಡಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಒಂದು ಸಂಜೆ ಎಲ್ಲಿಗೋ ಹೊರಡುತ್ತಾರೆ. ಸ್ಕ್ಯಾನರ್ ಕೆಳಗಿಟ್ಟು ಅಕ್ಕೋರಿಗೆ ಫೋನ್ ಮಾಡಿದೆ. ದೋಷ ಸಿಕ್ಕಿಲ್ಲ, ಆದರೆ ಇದೆ ಎಂದೆ. ಗಾಡಿ ನಡೆಸುತ್ತ ಮೀಟರ್ ನೋಡಲು ಒಬ್ಬರಿಂದ ಆಗುವುದಿಲ್ಲ ಎಂದೂ ಹೇಳಿದೆ. ನಾನು ಬರುತ್ತೇನೆ ಎಂದರು.

ಮರುದಿನ ಮಧ್ಯಾಹ್ನ ಎರಡು ಗಂಟೆಗೆ ಹೊರಟೆವು. ಅವರು ಶಾಲೆಯ ಒಂದು ನೋಟ್‌ಬುಕ್ ತಂದಿದ್ದರು. ಪಕ್ಕದ ಸೀಟಿನಲ್ಲಿ ಕೂತು ಎರಡೆರಡು ನಿಮಿಷಕ್ಕೆ ಮೀಟರ್ ಓದಿ ಗಟ್ಟಿಯಾಗಿ ಹೇಳಿ ಬರೆದುಕೊಳ್ಳುತ್ತಿದ್ದರು. ಹೆಡ್‌ಲೈಟು, ಎಸಿ, ಫ್ಯಾನು ಎಲ್ಲ ಹಾಕಿದ್ದೆ. ತೊರವಿಯವರೆಗೆ ಹದಿನಾಲ್ಕು. ತೊರವಿ ದಾಟಿದ ಮೇಲೆ ಹದಿಮೂರು ಪಾಯಿಂಟ್ ಎಂಟು. ನಾನು ದಿನಾ ತಿರುಗಿಸುತ್ತಿದ್ದ ಜಾಗ ಬಂತು. ವೇಗ ಕಡಿಮೆ ಮಾಡಿದೆ. ಅವರು ಮೀಟರಿನಿಂದ ಕಣ್ಣು ತೆಗೆಯದೆ, "ಪೂರಾ ಹೋಗೂಣ್ರಿ," ಎಂದರು.

ಸೇತುವೆ ದಾಟುವಾಗ ಎರಡು ನಿಮಿಷದ ಓದು ಬರಬೇಕಿತ್ತು. ಬರಲಿಲ್ಲ. ನಾನು ಆ ಕಡೆ ನೋಡಲಿಲ್ಲ. ಸ್ವಲ್ಪ ದೂರ ಹೋದ ಮೇಲೆ, ಹದಿಮೂರು ಪಾಯಿಂಟ್ ಆರು, ಎಂದರು. ದನಿ ಮೊದಲಿನಂತೆಯೇ ಇತ್ತು. ಪೆನ್ನು ಹಿಡಿದ ಕೈ ಮಾತ್ರ ನೋಟ್‌ಬುಕ್ಕಿನ ಮೇಲೆ ಗಟ್ಟಿಯಾಗಿ ಊರಿತ್ತು.

ತಿಕೋಟಾದಲ್ಲಿ ನಿಲ್ಲಿಸಲಿಲ್ಲ. ಅಲ್ಲಿಂದ ಬಬಲೇಶ್ವರದ ದಾರಿ ಹಿಡಿದೆವು. ಎರಡೂ ಕಡೆ ದ್ರಾಕ್ಷಿ ತೋಟಗಳು. ರಸ್ತೆ ಕೆಟ್ಟಿತ್ತು. ಹೊರಗೆ ಬೆಂಕಿಯಂಥ ಬಿಸಿಲು. ಹೊರಟು ನಲವತ್ತು ನಿಮಿಷವಾಗಿತ್ತು. ಆಗ ಇಳಿಯತೊಡಗಿತು. ಹದಿಮೂರು. ಹನ್ನೆರಡು ಪಾಯಿಂಟ್ ಐದು. ಹನ್ನೆರಡು. ಹನ್ನೊಂದು ಪಾಯಿಂಟ್ ಏಳು. ಡ್ಯಾಶ್‌ಬೋರ್ಡಿನಲ್ಲಿ ಬ್ಯಾಟರಿಯ ಕೆಂಪು ದೀಪ ಹತ್ತಲಿಲ್ಲ. ನನಗೆ ಅದೇ ಮುಖ್ಯ ಸುಳಿವು. ಡೈನಮೋ ಕೆಟ್ಟಿದ್ದರೆ ಆ ದೀಪ ಹತ್ತಬೇಕಿತ್ತು. ಡೈನಮೋ ತನ್ನ ಪಾಲಿನ ಕೆಲಸ ಮಾಡುತ್ತಿದೆ, ದಾರಿ ಮುರಿದಿದೆ.

ಎಸಿ ಆಫ್ ಮಾಡಿ ಎಂದೆ. ಮಾಡಿದರು. ಮುಳ್ಳು ನಿಧಾನವಾಗಿ ಏರಿ ಹನ್ನೆರಡೂವರೆಗೆ ನಿಂತಿತು. ಹತ್ತು ನಿಮಿಷ ಹಾಗೇ ಓಡಿಸಿದೆ. ಹನ್ನೆರಡೂವರೆಯಲ್ಲೇ ಇತ್ತು. ಅವರು ಅದನ್ನೂ ಬರೆದುಕೊಂಡರು.

ಒಂದು ಬೇವಿನ ಮರದ ಕೆಳಗೆ ನಿಲ್ಲಿಸಿ, ಇಂಜಿನ್ ಓಡುತ್ತಿರುವಾಗಲೇ ಬಾನೆಟ್ ಎತ್ತಿ ಡೈನಮೋ ಕೇಬಲ್ಲಿನ ಎರಡು ತುದಿಗೆ ಮೀಟರ್ ಹಿಡಿದೆ. ಅಂಗಡಿಯಲ್ಲಿ ಏನೂ ಸೋರದಿದ್ದ ಅದೇ ದಾರಿಯಲ್ಲಿ ಈಗ ಎರಡು ವೋಲ್ಟಿಗಿಂತ ಹೆಚ್ಚು ಸೋರುತ್ತಿತ್ತು. ಇಂಜಿನ್ ಬಂದ್ ಮಾಡಿ, ಬ್ಯಾಟರಿಯ ವೈರು ತೆಗೆದು, ಡೈನಮೋದ ಹಿಂದಿನ ನಟ್ಟು ಬಿಚ್ಚಿದೆ. ಕೇಬಲ್ಲಿನ ತುದಿಗೆ ಒಂದು ತಾಮ್ರದ ಬಳೆ ಒತ್ತಿ ಕೂರಿಸಿರುತ್ತಾರೆ. ನಾವು ಅದನ್ನು ಥಿಂಬಲ್ ಎನ್ನುತ್ತೇವೆ. ಅದರ ಮೇಲೆ ರಬ್ಬರಿನ ಟೊಪ್ಪಿಗೆ. ಹೊರಗಿನಿಂದ ಹೊಸದರಂತಿತ್ತು. ಟೊಪ್ಪಿಗೆ ಸರಿಸಿದರೆ ಥಿಂಬಲ್ಲಿನ ಕತ್ತು ಸುಟ್ಟು ಕಪ್ಪಾಗಿತ್ತು. ಒಳಗಿನ ತಾಮ್ರದ ಎಳೆಗಳಲ್ಲಿ ಮುಕ್ಕಾಲು ತುಂಡಾಗಿದ್ದವು. ತಣ್ಣಗಿರುವಾಗ ಎಳೆಗಳು ಒಂದಕ್ಕೊಂದು ಮುಟ್ಟಿಕೊಂಡಿರುತ್ತವೆ, ಎಲ್ಲ ಸರಿಯಾಗಿ ಕಾಣುತ್ತದೆ. ನಲವತ್ತು ನಿಮಿಷ ಕಾದ ಮೇಲೆ ಸಡಿಲಾಗಿ ಬಿಡುತ್ತವೆ.

ಅವರು ಹತ್ತಿರ ಬಂದು ನೋಡಿದರು. ಇದು ಆಗಲೂ ಹೀಗೇ ಇತ್ತೇ ಎಂದು ಕೇಳಿದರು.

ಹೌದು ಎಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ದೋಷ ಸಿಕ್ಕಿತ್ತು, ಗಾಡಿ ಸರಿಹೋಗುತ್ತಿತ್ತು. ಆ ಬೇವಿನ ನೆರಳಲ್ಲಿ ನಿಂತು ಒಂದು ನಿಮಿಷ ಕೈ ಒರೆಸಿಕೊಂಡೆ, ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡೆ.

"ಅಕ್ಕೋರ, ನಿಮ್ಮ ಮನಿಯವ್ರು ಗಾಡಿ ತಂದಿದ್ದು ನನ್ನ ಕಡೇನರಿ," ಎಂದೆ. ಎಲ್ಲ ಹೇಳಿದೆ. ಪುಟ ತೆರೆಯದೆ ಅಳಿಸಿದ್ದು, ಮೀಟರ್ ತೆಗೆಯದೆ ಬ್ಯಾಟರಿ ವೀಕ್ ಎಂದದ್ದು, ಗಾಡಿ ಒಯ್ಯಿರಿ ಎಂದದ್ದು. ತೆರೆದಿದ್ದರೆ ಓಡುವ ಇಂಜಿನ್ನಿನಲ್ಲಿ ವೋಲ್ಟ್ ಬಿದ್ದದ್ದು ಕಾಣುತ್ತಿತ್ತೇನೋ, ಕಂಡಿದ್ದರೆ ಗಾಡಿ ಇರಿಸಿಕೊಳ್ಳುತ್ತಿದ್ದೆ ಎಂದೂ ಹೇಳಿದೆ.

ಅವರು ನನ್ನ ಕಡೆ ನೋಡಲಿಲ್ಲ. ಥಿಂಬಲ್ಲನ್ನೇ ನೋಡುತ್ತಿದ್ದರು. "ಸ್ಟಿಕ್ಕರ್ ಮ್ಯಾಲ ನೀವು ತಾರೀಖು ಬರದಿದ್ರಿ," ಎಂದರು. "ಅವ್ರು ಹೋಗೂದಕ್ಕ ಎಂಟು ದಿನ ಮೊದಲಿಂದು. ಅದನ್ನ ನೋಡೇ ಬಂದೇನಿ."

ಆಮೇಲೆ ಇನ್ನೊಂದು ಮಾತು ಹೇಳಿದರು. ಅದನ್ನು ಕೇಳದೆ ಇದ್ದಿದ್ದರೆ ಚೆನ್ನಾಗಿತ್ತು ಎಂದು ಇಂದಿಗೂ ಅನಿಸುತ್ತದೆ. "ಅವತ್ತ ಅವ್ರು ನಿಮ್ಮ ಅಂಗಡಿಯಿಂದನ ಫೋನ್ ಮಾಡಿದ್ರು. ಗಾಡಿ ಇಲ್ಲೇ ಬಿಟ್ಟು ಬಸ್ಸಿಗೆ ಬರ್ತೇನಿ, ಊಟಕ್ಕ ತಡಾ ಆಕ್ಕೈತಿ ಅಂದ್ರು. ಹತ್ತು ನಿಮಿಷದಾಗ ಮತ್ತ ಫೋನ್ ಬಂತು. ಏನೂ ಇಲ್ಲಂತ, ಗಾಡಿ ತಗೊಂಡ ಬರಾಕತ್ತೇನಿ ಅಂದ್ರು. ಖುಷಿಲೇ ಹೇಳಿದ್ರು."

ಅವರು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಯಲಿಲ್ಲ. ಕ್ಷಮಿಸಿದೆ ಎಂದೂ ಅನ್ನಲಿಲ್ಲ. ನೋಟ್‌ಬುಕ್ ಮುಚ್ಚಿ ಚೀಲದಲ್ಲಿಟ್ಟುಕೊಂಡರು. ನೀವು ಇದನ್ನು ನಮ್ಮ ಭಾವನವರಿಗೂ ಹೇಳಬೇಕು ಎಂದರು. ಆ ಸಂಜೆಯ ನಂತರ ಅವರು ಯಾವ ಗಾಡಿಯ ಸ್ಟೇರಿಂಗನ್ನೂ ಮುಟ್ಟಿಲ್ಲ, ಟ್ರ್ಯಾಕ್ಟರನ್ನೂ ಸಹ. ನಾನೇ ಬ್ಯಾಟರಿ ಕೊಂದೆ, ತಮ್ಮನನ್ನೂ ಕೊಂದೆ ಎಂದುಕೊಂಡಿದ್ದಾರೆ. ಮನೆಯಲ್ಲಿ ಯಾರ ಜೊತೆಗೂ ಕೂತು ಉಣ್ಣುವುದಿಲ್ಲವಂತೆ.

ಬೇವಿನ ಮರದ ಕೆಳಗೇ, ಕಡಿದುಹೋದ ತುದಿಯನ್ನು ಕತ್ತರಿಸಿ ಹೊಸ ಥಿಂಬಲ್ ಒತ್ತಿ ಕೂರಿಸಿದೆ. ಉಪಕರಣಗಳ ಚೀಲ ಜೊತೆಗಿತ್ತು. ಮೀಟರು ಹದಿನಾಲ್ಕಕ್ಕೆ ಹತ್ತಿ ನಿಂತಿತು. ಎಲ್ಲ ಹಾಕಿದರೂ ಕದಲಲಿಲ್ಲ. ಇಡೀ ಕೆಲಸಕ್ಕೆ ಇಪ್ಪತ್ತು ನಿಮಿಷವೂ ಹಿಡಿಯಲಿಲ್ಲ.

ವಾಪಸು ಬರುವಾಗ ತಿಕೋಟಾದ ಅವರ ತೋಟಕ್ಕೆ ಗಾಡಿ ತಿರುಗಿಸಿದೆ. ಒಣದ್ರಾಕ್ಷಿ ಶೆಡ್ಡಿನ ಮುಂದಿನ ಕಟ್ಟೆಯ ಮೇಲೆ ಅಣ್ಣ ಕೂತಿದ್ದರು. ಐವತ್ತೈದು ಇರಬಹುದು. ಕಾರಿನ ಸದ್ದು ಕೇಳಿ ಎದ್ದು ನಿಂತರು, ಹತ್ತಿರ ಬರಲಿಲ್ಲ. ಅಕ್ಕೋರು ಒಳಗೆ ಹೋಗಿ ನೀರು ತಂದುಕೊಟ್ಟು ಶೆಡ್ಡಿನ ಬಾಗಿಲಲ್ಲಿ ನಿಂತರು. ನಾನು ಕಟ್ಟೆಯ ತುದಿಗೆ ಕೂತು ಹೇಳಿದೆ. ಮರದ ಕೆಳಗೆ ಹೇಳಿದ್ದನ್ನೇ, ಒಂದೂ ಬಿಡದೆ. ಕತ್ತರಿಸಿದ ಹಳೆಯ ತುದಿಯನ್ನು ಅವರ ಕೈಗೆ ಕೊಟ್ಟೆ.

ಅವರು ಅದನ್ನು ಹೆಬ್ಬೆರಳಿನಿಂದ ತಿರುವಿ ತಿರುವಿ ನೋಡಿದರು. ತುಂಡಾದ ಎಳೆಗಳು ಚರ್ಮಕ್ಕೆ ಚುಚ್ಚುತ್ತಿದ್ದಿರಬೇಕು. ನನ್ನ ಮೇಲೆ ಸಿಟ್ಟು ಬರುತ್ತದೆ ಎಂದು ಕಾದೆ. ಅವರಿಗೆ ನಾನು ಲೆಕ್ಕಕ್ಕೇ ಇರಲಿಲ್ಲ. ಅವರು ಬೇರೆ ಕಡೆ ಇದ್ದರು.

"ಎಸಿ ನಾ ಹಾಕಿದ್ದೆ," ಎಂದರು. "ತಮ್ಮಗ ಸೆಕಿ ಆಗಾಕತ್ತಿತ್ತು, ಅಂಗಿ ಪೂರಾ ತೊಯ್ದಿತ್ತು. ಹೆಡ್‌ಲೈಟ್ ಹತ್ತೈತಿ, ಬ್ಯಾಟರಿ ವೀಕ್ ಐತಿ, ಬ್ಯಾಡ ಅಣ್ಣಾ ಅಂದ. ಇರಲಿ ಬಿಡೋ ಅಂದೆ."

ಕೇಬಲ್ಲಿನ ತುದಿಯನ್ನು ಕಟ್ಟೆಯ ಮೇಲಿಟ್ಟು ನನ್ನ ಕಡೆ ತಿರುಗಿದರು.

"ಎಸಿ ಹಾಕದ ಇದ್ದಿದ್ರ ಮನಿ ಮುಟ್ತಿದ್ವೇನು ಮಿಸ್ತ್ರಿ?"

ಉತ್ತರ ನನಗೆ ಗೊತ್ತಿತ್ತು. ಎರಡು ತಾಸಿನ ಹಿಂದೆ, ಎಸಿ ಆರಿಸಿದಾಗ, ಮುಳ್ಳು ಹನ್ನೆರಡೂವರೆಗೆ ಏರಿ ನಿಂತದ್ದನ್ನು ನಾನು ನೋಡಿದ್ದೆ. ಆ ಸೇತುವೆಯಿಂದ ಅವರ ಮನೆ ಆರೇಳು ಕಿಲೋಮೀಟರ್. ಹನ್ನೆರಡೂವರೆ ವೋಲ್ಟಿನಲ್ಲಿ ಗಾಡಿ ಅಷ್ಟು ದೂರ ನಿಶ್ಚಿಂತೆಯಿಂದ ಬರುತ್ತದೆ. ಹದಿನಾಲ್ಕು ತಿಂಗಳಿಂದ, ಅಳೆಯದೆ ಒಂದು ಮಾತೂ ಆಡುವುದಿಲ್ಲ ಎಂದು ನನ್ನೊಳಗೇ ಶಪಥ ಮಾಡಿಕೊಂಡಿದ್ದೆ. ಈಗ ಅಳತೆ ಕೈಯಲ್ಲೇ ಇತ್ತು. ಆ ಅಳತೆ ಬಾಗಿಲಲ್ಲಿ ನಿಂತಿದ್ದವರ ಚೀಲದ ನೋಟ್‌ಬುಕ್ಕಿನಲ್ಲೂ ಇತ್ತು.

"ಇಲ್ರಿ ಅಣ್ಣಾರ. ಎಸಿ ಹಾಕದಿದ್ರೂ ನಿಲ್ತಿತ್ತು," ಎಂದೆ.

"ಅಳತಿ ಮಾಡೇ ಹೇಳಾಕತ್ತೀರಿ?"

"ಹೂಂರಿ."

ಅವರು ತಲೆಯಾಡಿಸಿದರು. ನಾನು ಬಾಗಿಲ ಕಡೆ ನೋಡಿದೆ. ಅಕ್ಕೋರು ನನ್ನನ್ನೇ ನೋಡುತ್ತಿದ್ದರು. ಗಣಿತ ಕಲಿಸುವವರು, ನಾನು ಹೇಳಿದ್ದು ತಪ್ಪೆಂದು ಅವರಿಗೆ ಗೊತ್ತಿರಲೇಬೇಕು. ಖಾಲಿಯಾದ ನೀರಿನ ತಂಬಿಗೆ ಎತ್ತಿಕೊಂಡು ಒಳಗೆ ಹೋದರು.

ಶಾಲೆ ಶುರುವಾಯಿತು. ಅಕ್ಕೋರು ಕಾರಿನಲ್ಲೇ ಬಬಲೇಶ್ವರದ ಕಡೆ ಹೋಗಿ ಬರತೊಡಗಿದರು. ತಿಂಗಳಿಗೊಮ್ಮೆ ತಂದು ತೋರಿಸಿ ಎಂದು ನಾನೇ ಹೇಳಿದ್ದೆ. ಜೂನಿನ ಮೊದಲ ವಾರಗಳಲ್ಲಿ ಮಳೆಯಿನ್ನೂ ಬಂದಿರಲಿಲ್ಲ, ಸೆಕೆ ಮೇ ತಿಂಗಳಿಗಿಂತ ಹೆಚ್ಚಿತ್ತು. ಒಂದು ಭಾನುವಾರ ಮಧ್ಯಾಹ್ನ ಕಾರು ಅಂಗಡಿಯ ಮುಂದೆ ಬಂದು ನಿಂತಿತು. ಸ್ಟೇರಿಂಗಿನ ಹಿಂದೆ ಅಣ್ಣ ಇದ್ದರು, ಒಬ್ಬರೇ. ನನ್ನ ಎದೆಯ ಮೇಲಿನ ಭಾರ ಒಂದಿಷ್ಟು ಇಳಿದಂತಾಯಿತು. ಸುಳ್ಳಾದರೂ ಕೆಲಸಕ್ಕೆ ಬಂತು ಎಂದುಕೊಂಡೆ.

ಹತ್ತಿರ ಹೋದೆ. ನಾಲ್ಕೂ ಗಾಜು ಕೆಳಗಿಳಿದಿದ್ದವು. ಅವರ ಅಂಗಿ ಬೆನ್ನಿಗೆ ಅಂಟಿತ್ತು, ಕತ್ತಿನಿಂದ ಬೆವರು ಇಳಿಯುತ್ತಿತ್ತು. ಎಸಿ ಏನಾದರೂ ಕೆಟ್ಟಿದೆಯೇ ಎಂದು ಕೇಳಿದೆ. ಇಲ್ಲ, ಛಲೋ ಐತಿ ಎಂದರು.

ಮೀಟರ್ ಹಚ್ಚಿದೆ. ಇಂಜಿನ್ ಓಡುತ್ತಿತ್ತು. ಹೆಡ್‌ಲೈಟ್ ಹಾಕಿದೆ, ಫ್ಯಾನ್ ಹಾಕಿದೆ. ಎಲ್ಲ ಲೋಡೂ ಹಾಕಿ ನೋಡಿದರೇ ಪರೀಕ್ಷೆ ಪೂರಾ ಆಗುವುದು. ಕಿಟಕಿಯಿಂದ ಕೈ ಚಾಚಿ ಎಸಿಯ ಗುಂಡಿ ಒತ್ತಿದೆ. ಅವರು ಬಾಗಿಲು ತೆಗೆದು ಇಳಿದರು. ರಸ್ತೆ ದಾಟಿ, ನೆರಳಿಲ್ಲದ ಕಡೆ ಹೋಗಿ, ನನ್ನ ಕಡೆ ಬೆನ್ನು ಮಾಡಿ ಬಿಸಿಲಿನಲ್ಲಿ ನಿಂತರು.

ಹದಿನಾಲ್ಕು ಪಾಯಿಂಟ್ ಒಂದು. ಐದು ನಿಮಿಷ ನೋಡಿದೆ, ಕದಲಲಿಲ್ಲ. ಎಸಿ ಆರಿಸಿ, ಬಾನೆಟ್ ಇಳಿಸಿ ಅವರನ್ನು ಕರೆದೆ. ಬಂದು ಕೂತರು. ಒಳಗೆ ಉಳಿದಿದ್ದ ತಂಪು ಮುಖಕ್ಕೆ ತಾಗಿರಬೇಕು, ಒಂದು ಗಳಿಗೆ ಕಣ್ಣು ಮುಚ್ಚಿದರು. ಆಮೇಲೆ ಗಾಡಿಯನ್ನು ನಿಧಾನವಾಗಿ ರಸ್ತೆಗೆ ಇಳಿಸಿ, ತಿಕೋಟಾ ಕಡೆ ಹೋದರು.